ಲೆನ್ಸಿನ ಮುಚ್ಚಳ

ನಾನು ಶಾಲೆ ಬಿಟ್ಟದ್ದು ೧೯೭೮ರಲ್ಲಿ, ಎಂಟನೇ ಕ್ಲಾಸಿನ ಅರ್ಧಕ್ಕೆ. ಅಲ್ಲಿಂದೀಚೆಗೆ ಏನು ಕೊಂಡರೂ ಮೊದಲು ಅದರ ಮುಚ್ಚಳ ನೋಡುವುದು ನನ್ನ ಅಭ್ಯಾಸ. ಪೆನ್ನಾಗಲಿ, ಫ್ಲಾಸ್ಕಾಗಲಿ, ಮುಚ್ಚಳವಿಲ್ಲದೆ ಮನೆಗೆ ಬಂತೆಂದರೆ ಅಂಗಡಿಯವನು ನನ್ನ ವಿದ್ಯೆಯನ್ನು ಅಳೆದುಬಿಟ್ಟ ಎಂದೇ ಅರ್ಥ. ಕೊಪ್ಪದ ಸುತ್ತ ಪಂಪ್‌ಸೆಟ್ ರಿಪೇರಿ ಮಾಡುವ ನನಗೆ, ಬಿಚ್ಚಿದ ಬೋಲ್ಟುಗಳಲ್ಲಿ ಒಂದೂ ಮಿಗದಂತೆ ಮತ್ತೆ ಕೂರಿಸುವುದೇ ಪದವಿ, ಅದೇ ಪ್ರಶಸ್ತಿಪತ್ರ.

ಇಂಥವನಿಗೆ ಹಕ್ಕಿಗಳ ಫೋಟೋ ತೆಗೆಯುವ ಹುಚ್ಚು ಹೊಳೆಬದಿಯಲ್ಲಿ ಪಂಪು ಬಿಚ್ಚುತ್ತಾ ಕುಳಿತೇ ಹಿಡಿದಿರಬೇಕು. ೨೦೦೩ರಲ್ಲಿ ನರಸಿಂಹರಾಜಪುರದ ನಿವೃತ್ತ ಡ್ರಾಯಿಂಗ್ ಮೇಷ್ಟ್ರೊಬ್ಬರು, ದೂರದ್ದನ್ನು ಹತ್ತಿರ ತರುವ ತಮ್ಮ ಹಳೆಯ ಟೆಲಿ ಲೆನ್ಸ್ ಮಾರುತ್ತಾರೆಂದು ಕೇಳಿ ಬಸ್ಸು ಹತ್ತಿದೆ. ಭದ್ರಾ ಹಿನ್ನೀರಿನ ಮೇಲೆ ಹಾರಾಡಿ ಮೀನು ಹಿಡಿಯುವ ರೀವಹಕ್ಕಿಗಳನ್ನು ಇಪ್ಪತ್ತು ವರ್ಷ ಅದರಲ್ಲೇ ನೋಡಿದವರು. ಈಗ ಕಣ್ಣಿನ ನರ ಒಣಗುತ್ತಿದೆ ಎಂದರು. ಮಾರುವವರ ಕಾರಣಗಳನ್ನು ನಂಬುವ ವಯಸ್ಸು ನನ್ನದಲ್ಲ ಎಂದು ಒಳಗೇ ನಕ್ಕೆ. ಗಾಜನ್ನು ಬೆಳಕಿಗೆ ಹಿಡಿದು ಬೂಷ್ಟು ಹುಡುಕಿದೆ, ಉಂಗುರ ತಿರುಗಿಸಿದೆ, ದೋಷವೇ ಇಲ್ಲ. ಆದರೆ ಲೆನ್ಸನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟ ಮೇಷ್ಟ್ರು ಮುಚ್ಚಳವನ್ನು ಮಾತ್ರ ತೆಗೆದು ಜೇಬಿಗೆ ಹಾಕಿಕೊಂಡರು.

"ಇದೊಂದು ನನ್ನ ಹತ್ರ ಇರ್ಲಿ ಮಾರಾಯ. ನೀನು ಬೇರೆ ತಗೋ."

"ಓದಿಲ್ಲ ಅಂತ ನಂಗೆ ಟೋಪಿ ಹಾಕ್ಬೇಡಿ ಮೇಷ್ಟ್ರೇ," ಎಂದೆ.

ಅವರು ಜೇಬಿನಿಂದ ಮುಚ್ಚಳ ತೆಗೆದು ನನ್ನ ಅಂಗೈಗೆ ಇಡಲು ಬಂದವರು, ಅಂಗೈ ಪಕ್ಕದ ಗಾಳಿಯಲ್ಲಿ ಬಿಟ್ಟರು. ನೆಲದಿಂದ ನಾನೇ ಹೆಕ್ಕಿಕೊಂಡೆ. ಹೊರಡುವಾಗ, ರೀವದ ಫೋಟೋ ತೆಗೆದರೆ ಬಂದು ತೋರಿಸಬೇಕೆಂದು ಕೇಳಿಕೊಂಡರು. ಆಗಲಿ ಎಂದವನು ಹೋಗಲಿಲ್ಲ. ಟೋಪಿಯ ಮಾತು ಆಡಿದವನಿಗೆ ಮತ್ತೆ ಆ ಜಗಲಿ ಹತ್ತಲು ನಾಚಿಕೆ. ಅದನ್ನೇ ನಾನು ಸ್ವಾಭಿಮಾನ ಎಂದುಕೊಂಡಿದ್ದೆ.

ಮೂರು ವರ್ಷದ ಮೇಲೆ ನಮ್ಮ ಹಸುವನ್ನು ಭಂಡಿಗಡಿಯವರೊಬ್ಬರಿಗೆ ಮಾರಿದೆವು. ನಿಮಗೂ ಗೊತ್ತಿರಬಹುದು, ಹಸುವನ್ನು ಕೊಟ್ಟರೂ ಹಗ್ಗ ಕೊಡುವುದಿಲ್ಲ. ಕೊಟ್ಟಿಗೆಗೆ ಇನ್ನೊಂದು ಬರಲೆಂದು ಅದು ಗೂಟದಲ್ಲೇ ಇರುತ್ತದೆ. ಹೆಂಡತಿ ಹಳೆಯ ಹಗ್ಗ ಬಿಚ್ಚಿ ಸೆರಗಿನಲ್ಲಿ ಸುತ್ತಿಕೊಂಡಳು, ಕೊಂಡವರು ತಾವು ತಂದ ಹೊಸತನ್ನು ಕಟ್ಟಿದರು. ಯಾರೂ ಯಾರನ್ನೂ ಮೋಸಗಾರ ಎನ್ನಲಿಲ್ಲ. ನನಗೆ ಮೇಷ್ಟ್ರ ಜೇಬು ನೆನಪಾಯಿತು.

ಮರುದಿನ ಶೃಂಗೇರಿಯ ಸ್ಟುಡಿಯೋ ಒಂದರಿಂದ ಬೇರೆ ಮುಚ್ಚಳ ತಂದೆ. ಹಳೆಯದನ್ನೂ ರೀವದ ಫೋಟೋವೊಂದನ್ನೂ ಹಿಡಿದು ನರಸಿಂಹರಾಜಪುರಕ್ಕೆ ಹೋದೆ. ಜಗಲಿಯಲ್ಲಿ ಕೂತಿದ್ದ ಮೇಷ್ಟ್ರು, ಎದುರಿಗೇ ನಿಂತ ನನ್ನ ಕಡೆ ತಿರುಗಿದ್ದು ನಾನು ಹೆಸರು ಹೇಳಿದ ಮೇಲೆ. ಫೋಟೋ ಚೀಲದಲ್ಲೇ ಉಳಿಯಿತು. ಹಸುವಿನ ಸಂಗತಿ, ರೀವದ ಫೋಟೋ ಸಿಕ್ಕ ಸಂಗತಿ ಹೇಳಿ, ತಪ್ಪಾಯಿತೆಂದು ಮುಚ್ಚಳವನ್ನು ಅವರ ಕೈಯಲ್ಲಿಟ್ಟೆ. ಹೆಬ್ಬೆರಳಿನಿಂದ ಅದರ ಅಂಚನ್ನು ಒಂದು ಸುತ್ತು ಸವರಿ, ನನ್ನ ಕೈಯನ್ನು ತಡಕಿ ಹಿಡಿದು, ವಾಪಸು ಇಟ್ಟರು.

"ಹಗ್ಗ ಇಟ್ಕೊಳ್ಳೋದು ಇನ್ನೊಂದು ಬರ್ತದೆ ಅಂತ. ನಂಗೆ ಇನ್ನೆಂತ ಬರ್ತದೆ ಮಾರಾಯ? ಹಕ್ಕಿ ಹೇಗಿತ್ತು, ಅದು ಹೇಳು."

ಹೇಳಿದೆ. ಕರಿ ನೆತ್ತಿ, ಹಳದಿ ಕೊಕ್ಕು ಎನ್ನುವಷ್ಟಕ್ಕೆ ನನ್ನ ಎಂಟನೇ ಕ್ಲಾಸಿನ ಕನ್ನಡ ಮುಗಿಯಿತು. ಅವರು ಮುಖ ಎತ್ತಿ ಇನ್ನೂ ಕಾಯುತ್ತಿದ್ದರು.

ಏನು ಕೊಂಡರೂ ಈಗಲೂ ಮುಚ್ಚಳ ನೋಡುತ್ತೇನೆ. ಇಲ್ಲದಿದ್ದರೆ ಸುಮ್ಮನೆ ತರುತ್ತೇನೆ. ನನ್ನ ಹತ್ತಿರ ಇರುವುದು ಲೆನ್ಸ್ ಒಂದು, ರೀವದ ಫೋಟೋ ಮೂವತ್ತೊಂದು, ಗೂಟದಲ್ಲಿ ಹಗ್ಗ ಒಂದು, ಮುಚ್ಚಳ ಎರಡು. ಅದರಲ್ಲಿ ಒಂದು ನನ್ನದಲ್ಲ.