ಮನೆಯಲ್ಲಿ ನೋಡಿದವರ ಸಹಿ

ಮಕ್ಕಳಿಗಾಗಿ ವಿಜ್ಞಾನದ ಪ್ರಯೋಗಗಳನ್ನು ರೂಪಿಸುವ ಟೀಚರು ಪ್ರತಿಯೊಂದನ್ನೂ ಮೊದಲು ತಮ್ಮ ಮನೆಯಲ್ಲೇ ಮಾಡಿ ನೋಡುತ್ತಿದ್ದರು. ಪ್ರಯೋಗದ ಹಾಳೆಯ ಕೊನೆಗೆ 'ಮನೆಯಲ್ಲಿ ನೋಡಿದವರ ಸಹಿ' ಎಂಬ ಸಾಲಿತ್ತು. ಸಹಿಯಿಲ್ಲದಿದ್ದರೆ ಮುಂದಿನ ವಾರದ ಸಾಮಾನು ಕೊಡಬಾರದೆಂದು ಸಂಸ್ಥೆಯ ಕಟ್ಟಪ್ಪಣೆ.

ಈ ಶನಿವಾರ ಒಬ್ಬ ಹುಡುಗಿಯ ಹಾಳೆಯಲ್ಲಿ ಉತ್ತರವೂ ಸಹಿಯೂ ಒಂದೇ ಕೈಬರಹದಲ್ಲಿದ್ದವು.

"ಅಮ್ಮ ಹಾಕಿದ್ದಾ ಪುಟ್ಟಿ?"

"ಅಮ್ಮಂಗೆ ಡ್ಯೂಟಿ ಟೀಚರ್. ಬಲ್ಬೇನೋ ಚೆನ್ನಾಗೇ ಉರೀತು, ನೋಡೋಕೆ ಯಾರೂ ಇರ್ಲಿಲ್ಲ." ಹುಡುಗಿ ತಲೆ ತಗ್ಗಿಸಿದಳು. "ಮೋಟರ್ ಕೊಡಲ್ವಾ?"

ಅದೇ ಪ್ರಯೋಗವನ್ನು ಮನೆಯಲ್ಲಿ ಮಾಡಿ ಸಂಸ್ಥೆಗೆ ಒಪ್ಪಿಸಬೇಕಾದ ಟೀಚರ ಸ್ವಂತ ಹಾಳೆಯೂ ಚೀಲದಲ್ಲೇ ಇತ್ತು. ತಂಗಿ ಮನೆ ಬಿಟ್ಟುಹೋಗಿ ನಾಲ್ಕು ವರ್ಷವಾದರೂ ಅದರ ಮೇಲೆ ತಂಗಿಯ ಸಹಿಯಿತ್ತು. ಹಾಕಿದವರು ಟೀಚರೇ.

"ಕೊಡದೆ ಏನು," ಎಂದು ಮೋಟರನ್ನು ಕೈಗಿಟ್ಟರು. "ಮುಂದಿನ ಸಲ ಸಹಿ ಒಂಚೂರು ಸೊಟ್ಟಗೆ ಹಾಕು. ನಾನು ಹಾಗೇ ಮಾಡೋದು."