ಚಳಿಗಾಲವೆಲ್ಲ ಮೇಲಿದ್ದವರು

ಆ ಭಾನುವಾರ ಮಧ್ಯಾಹ್ನ ನನ್ನ ಗಂಡ ಕಬ್ಬಿಣದ ಗುಂಡು ಎಸೆಯುವ ಆಟದಲ್ಲಿ ಸೋತರು. ಪ್ರತಿ ಭಾನುವಾರವೂ ಸೋಲುತ್ತಿದ್ದರು, ಹಾಗಾಗಿ ಅದರಲ್ಲಿ ಹೇಳುವಂಥದ್ದೇನೂ ಇಲ್ಲ. ನಾವು ಕ್ಯಾಲಿಫೋರ್ನಿಯಾದ ಕ್ಯಾಂಪ್‌ಬೆಲ್‌ನಲ್ಲಿ ಒಬ್ಬ ವಯಸ್ಸಾದ ಹೆಂಗಸಿನ ಮನೆಯ ಹಿಂಭಾಗದಲ್ಲಿ ಬಾಡಿಗೆಗಿದ್ದೆವು. ಹಿತ್ತಲಲ್ಲಿ ಒಂದು ಏಪ್ರಿಕಾಟ್ ಮರ, ಅದರಾಚೆ ಹಲಗೆಯ ಶೆಡ್ಡು, ನಡುವೆ ಜಲ್ಲಿ ಹರಡಿದ ಉದ್ದನೆಯ ಜಾಗ. ಅಲ್ಲೇ ಆಟ.

ಆ ಹೆಂಗಸನ್ನು ನನ್ನ ಗಂಡ ಮೊದಲ ದಿನದಿಂದಲೇ ಅಜ್ಜಿ ಎಂದು ಕರೆದರು. ನಮ್ಮ ಭಾಷೆಯಲ್ಲಿ ಮನೆ ಒಡತಿಗೆ ಹಾಗನ್ನುತ್ತಾರೆ ಎಂದು ಆಕೆ ಬಹಳ ದಿನ ತಿಳಿದುಕೊಂಡಿದ್ದರು. ನಾವೂ ತಿದ್ದಲಿಲ್ಲ. ಆಮೇಲೆ ಭಾನುವಾರಕ್ಕೆ ಬರುವವರೆಲ್ಲ ಅವರನ್ನು ಅಜ್ಜಿ ಎನ್ನಲು ಶುರುಮಾಡಿದರು.

ಬರುತ್ತಿದ್ದವರು ನಾಲ್ಕೈದು ಮಂದಿ ಮುದುಕರು. ಅವರದೂ ಅಜ್ಜಿಯದೂ ಒಂದೇ ಊರು. ಆಲ್ಪ್ಸ್ ಬೆಟ್ಟಗಳ ಮಡಿಲಲ್ಲಿ, ಫ್ರೆಂಚ್ ಮಾತಾಡುವ ಒಂದು ಸಣ್ಣ ಹಳ್ಳಿ. ಒಬ್ಬರನ್ನೊಬ್ಬರು ಕರೆಸಿಕೊಂಡು ಇಲ್ಲಿಗೆ ಬಂದಿದ್ದರು. ಮೊದಲು ಬಂದವರು ಕುರಿ ಕಾಯ್ದರು, ಆಮೇಲಿನವರು ಬಟ್ಟೆ ಒಗೆಯುವ ಅಂಗಡಿಗಳಲ್ಲಿ, ಬೇಕರಿಗಳಲ್ಲಿ ದುಡಿದರು. ಅವರಲ್ಲಿ ಒಬ್ಬರು ಬೇಕರಿಯಲ್ಲೇ ಆಯುಸ್ಸು ಕಳೆದವರು. ಅವರನ್ನು ನನ್ನ ಮಗಳು ಬ್ರೆಡ್ ತಾತ ಎನ್ನುತ್ತಿದ್ದಳು. ಅವರ ಮೊಮ್ಮಕ್ಕಳಿಗೆ ಫ್ರೆಂಚ್ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನನ್ನ ಮಗಳದೂ ಅದೇ ಕಥೆಯಾದ್ದರಿಂದ ನನಗೆ ಆ ಹಿತ್ತಲು ಪರಕೀಯ ಅನ್ನಿಸಲಿಲ್ಲ.

ಊರಿನ ಮಾತು ಬಂದರೆ ಅವರಿಗೆ ಆಟ ಮರೆತುಹೋಗುತ್ತಿತ್ತು. ಇಡೀ ಊರಿಗೆ ಎರಡೋ ಮೂರೋ ಮನೆತನದ ಹೆಸರುಗಳು ಮಾತ್ರ ಇದ್ದುದರಿಂದ, ಮನೆ ಇರುವ ಜಾಗದಿಂದ ಜನರನ್ನು ಗುರುತಿಸುತ್ತಿದ್ದರಂತೆ. ಊರ ಒಲೆ ಪಕ್ಕದ ಮನೆಯವರು, ನೀರಿನ ತೊಟ್ಟಿ ಬಳಿಯ ಮನೆಯವರು. ಮಂಡ್ಯದ ಕಡೆ ನಮ್ಮೂರಲ್ಲೂ ಮೇಗಲಮನೆಯವರು, ಮೂಲೆಮನೆಯವರು ಅಂತಲೇ ಕರೆಯುವುದು. ಬೆಟ್ಟದ ಒಂದು ಮಗ್ಗುಲು ಬಿಸಿಲಿನದು, ಇನ್ನೊಂದು ನೆರಳಿನದು. ಎರಡಕ್ಕೂ ಬೇರೆ ಬೇರೆ ಪದಗಳಿದ್ದವು. ಅಜ್ಜಿ ನೆರಳ ಕಡೆಯವರು. ಬಿಸಿಲ ಕಡೆಯ ಬ್ರೆಡ್ ತಾತ ಈ ವಯಸ್ಸಿನಲ್ಲೂ ಅದನ್ನು ಹಿಡಿದು ಅವರನ್ನು ಕಾಡುತ್ತಿದ್ದರು. ಅಜ್ಜಿಯ ಗುಂಡು ಗುರಿ ತಪ್ಪಿದರೆ, “ಪಾಪ, ಬಿಸಿಲು ನೋಡಿ ಅಭ್ಯಾಸ ಇಲ್ಲ” ಎನ್ನುತ್ತಿದ್ದರು.

ಚಳಿಗಾಲಕ್ಕೆ ಮುಂಚೆ ಊರಿನವರೆಲ್ಲ ಒಂದೇ ಒಲೆಯಲ್ಲಿ ಬ್ರೆಡ್ ಸುಡುತ್ತಿದ್ದರಂತೆ. ಯಾರದು ಯಾವುದೆಂದು ತಿಳಿಯಲು ಪ್ರತಿ ಮನೆಯವರೂ ತಮ್ಮ ಮರದ ಮುದ್ರೆ ಒತ್ತುತ್ತಿದ್ದರು. ಆಮೇಲೆ ಅದನ್ನು ಅಟ್ಟದ ಮೇಲೆ ಜೋಡಿಸಿದರೆ ಹಿಮ ಕರಗುವವರೆಗೂ ಅದೇ ಊಟ. ಕಲ್ಲಿನಂತಾಗುತ್ತಿದ್ದ ಆ ಬ್ರೆಡ್ಡನ್ನು ಸಾರಿನಲ್ಲಿ ನೆನೆಸಿ ತಿನ್ನಬೇಕಿತ್ತು. ಕೆಳಗೆ ದನ, ಜನ ಒಂದೇ ಕೋಣೆಯಲ್ಲಿ.

ಆ ಭಾನುವಾರ ಅಜ್ಜಿ ಇದನ್ನೇ ಹೇಳುತ್ತಿದ್ದರು. “ಹುಲ್ಲು ಮೇಲೆ, ಬ್ರೆಡ್ ಮೇಲೆ. ನಾನು ಚಿಕ್ಕವಳಿದ್ದಾಗ ಒಂದು ವರ್ಷ ಚಳಿಗಾಲವೆಲ್ಲ ಅಪ್ಪನೂ ಮೇಲಿದ್ದ.”

ಬೆಟ್ಟದ ಮೇಲೆ ಕುರಿ ಕಾಯಲು ಹೋಗಿದ್ದಿರಬೇಕು ಎಂದು ನಾವಿಬ್ಬರೂ ಅಂದುಕೊಂಡೆವು. “ಅಷ್ಟು ದಿನ ಮೇಲೆ ಏನು ಮಾಡ್ತಿದ್ರು?” ಎಂದು ನನ್ನ ಗಂಡ ಕೇಳಿದರು.

ಬ್ರೆಡ್ ತಾತ ಟೋಪಿ ಸರಿಮಾಡಿಕೊಂಡು, “ಅಂಥದ್ದೇನೂ ಮಾಡ್ತಿರಲಿಲ್ಲ” ಎಂದರು. ಎಲ್ಲರೂ ನಕ್ಕರು. ಅಜ್ಜಿ ಎಲ್ಲರಿಗಿಂತ ಹೆಚ್ಚು ನಕ್ಕರು. ನನ್ನ ಗಂಡನೂ ನಕ್ಕರು, ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, “ಏನ್ ಜೋಕು ಕಣೇ ಅದು?” ಎಂದರು.

“ನಂಗೇನ್ರೀ ಗೊತ್ತು. ಗುಂಡು ಎಸೀರಿ” ಎಂದೆ.

ಎಸೆದರು. ಗುಂಡು ಶೆಡ್ಡಿನ ಗೋಡೆಗೆ ಬಡಿಯಿತು. “ಹುಡುಗಾ, ನಿನ್ನ ಕಂಪ್ಯೂಟರನ್ನೇ ಕೇಳು, ಯಾಕೆ ಅಲ್ಲಿಗೆ ಹೋಯಿತು ಅಂತ” ಎಂದರು ಬ್ರೆಡ್ ತಾತ.

ಮಾರನೆಯ ಬೆಳಿಗ್ಗೆ ನನ್ನ ಗಂಡ ಆಫೀಸಿನ ಪಾರ್ಕಿಂಗಿನಲ್ಲಿ ಕಾರು ನಿಲ್ಲಿಸಿದರು. ಇಳಿಯಲಿಲ್ಲ. ಹೃದಯ ನಿಂತಿತ್ತು ಎಂದರು ಡಾಕ್ಟರು. ನಾನು ಮಿಲ್ಪಿಟಾಸಿನ ಒಂದು ಎಲೆಕ್ಟ್ರಾನಿಕ್ಸ್ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸದಲ್ಲಿದ್ದೆ. ಫೋನು ಬಂದಾಗ ಕೈಲಿದ್ದ ಬೋರ್ಡಿನ ಟೆಸ್ಟು ಮುಗಿಸಿ, ಅದನ್ನು ಅದರ ಜಾಗದಲ್ಲಿಟ್ಟು ಹೊರಟೆ. ಯಾಕೆ ಹಾಗೆ ಮಾಡಿದೆನೋ ಗೊತ್ತಿಲ್ಲ.

ಹತ್ತಿರದ ಎವರ್‌ಗ್ರೀನ್ ಬಡಾವಣೆಯ ಕನ್ನಡದವರು ಬಂದು ಎಲ್ಲ ನೋಡಿಕೊಂಡರು. ದಹನವಾದ ಮೇಲೆ ಅಸ್ಥಿಯನ್ನು ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೊಟ್ಟರು. ಅವರಲ್ಲೇ ಹಿರಿಯರೊಬ್ಬರು ಅದನ್ನು ತಾಮ್ರದ ಚೊಂಬಿಗೆ ಹಾಕಿ, ಬಾಯಿಗೆ ಬಿಳಿ ಬಟ್ಟೆ ಕಟ್ಟಿ ನನ್ನ ಕೈಗಿತ್ತರು. ಊರಿಗೆ ಹೋಗಿ ಶ್ರೀರಂಗಪಟ್ಟಣದಲ್ಲಿ ಬಿಡಬೇಕು. ಆದರೆ ನನ್ನ ಗ್ರೀನ್ ಕಾರ್ಡಿನ ಅರ್ಜಿ ನಡೆಯುತ್ತಿತ್ತು. ಪ್ರಯಾಣದ ಅನುಮತಿ ಬರುವ ಮೊದಲು ದೇಶ ಬಿಟ್ಟರೆ ವಾಪಸ್ಸು ಬರುವುದು ಕಷ್ಟ ಎಂದರು ವಕೀಲರು. ಯಾರಾದರೂ ಬರುವವರ ಕೈಲಿ ಕಳಿಸಿಬಿಡಿ ಅತ್ತಿಗೆ ಎಂದ ಊರಲ್ಲಿದ್ದ ಮೈದುನ. ನಾನು ಒಪ್ಪಲಿಲ್ಲ. ಅಷ್ಟು ದಿನವಾದರೂ ನನಗೆ ಅಳು ಬಂದಿರಲಿಲ್ಲ. ನನ್ನ ಕೈಯಾರೆ ನೀರಿಗೆ ಬಿಟ್ಟರೆ ಬರಬಹುದು ಎಂದುಕೊಂಡಿದ್ದೆ. ಇದನ್ನು ಯಾರಿಗೂ ಹೇಳಲಿಲ್ಲ.

ಅತ್ತೆ ಫೋನಿನಲ್ಲಿ, “ಒಳೀಕೆ ತರಬ್ಯಾಡ ಕಣವ್ವ. ಮರಕ್ಕೆ ಕಟ್ಟಾದು ನಿಂಗೇ ಗೊತ್ತಲ್ಲ” ಎಂದರು.

“ಇಲ್ಲಿ ಮಳೆ ಹಿಡ್ಕೊಂಡಿದೆ ಅತ್ತೆ.”

“ಮಳೆ ಬಂದ್ರೆ ಬರ್ಲಿ. ಅವನಿಗಿನ್ನ್ಯಾವ ನೆಗಡಿ.” ಅಷ್ಟು ಹೇಳಿ ಅವರು ಅತ್ತರು. ನಾನು ಫೋನು ಹಿಡಿದುಕೊಂಡು ಕೇಳಿಸಿಕೊಂಡೆ.

ಚೊಂಬು ಹಿಡಿದು ಏಪ್ರಿಕಾಟ್ ಮರದ ಕೆಳಗೆ ನಿಂತಿದ್ದಾಗ ಅಜ್ಜಿ ಬಾಗಿಲಿಗೆ ಬಂದರು. ಏನದು ಎಂದರು. ಹೇಳಿದೆ. ಒಳಗೆ ತರುವಂತಿಲ್ಲ, ಹೊರಗೆ ಮಳೆ ತಾಗದ ಜಾಗವಿಲ್ಲ, ಊರಿಗೆ ಹೋಗುವಂತಿಲ್ಲ ಎಂದೂ ಹೇಳಿದೆ. ಅವರು ಒಂದಿಷ್ಟೂ ಆಶ್ಚರ್ಯಪಡಲಿಲ್ಲ. ಶೆಡ್ಡಿನ ಸೂರಿನ ಕೆಳಗೆ, ಹೊರಗೋಡೆಗೆ ಎತ್ತರದಲ್ಲಿ ಒಂದು ಹಲಗೆ ಇತ್ತು. ಅದರ ಮೇಲಿದ್ದ ಖಾಲಿ ಕುಂಡಗಳನ್ನು ಇಳಿಸಿ, “ಮೇಲಿಡು” ಎಂದರು. ಇಟ್ಟೆ. ಆಗ ಅವರು ತಮ್ಮ ಅಪ್ಪನ ವಿಷಯ ಹೇಳಿದರು.

ಚಳಿಗಾಲದಲ್ಲಿ ಅವರ ಊರಿನ ನೆಲ ಗುದ್ದಲಿಗೆ ಜಗ್ಗುತ್ತಿರಲಿಲ್ಲ. ಆಗ ಸತ್ತವರನ್ನು ಬಟ್ಟೆಯಲ್ಲಿ ಸುತ್ತಿ, ನೆರಳ ಕಡೆಯ ಛಾವಣಿಯ ಮೇಲೆ ಹಿಮದಲ್ಲಿ ಮಲಗಿಸುತ್ತಿದ್ದರು. ನೆಲ ಮೆತ್ತಗಾದ ಮೇಲೆ ಇಳಿಸಿ ಮಣ್ಣು ಮಾಡುವುದು. ಅಲ್ಲಿಯವರೆಗೆ ಅವರ ಕೆಳಗೇ ಅಡುಗೆ, ಊಟ, ಹಾಲು ಕರೆಯುವುದು, ಜಗಳ. ಸತ್ತರು ಎಂದು ಯಾರೂ ಅನ್ನುತ್ತಿರಲಿಲ್ಲ. ಯಾರಾದರೂ ಕೇಳಿದರೆ, ಮೇಲಿದ್ದಾರೆ ಎನ್ನುತ್ತಿದ್ದರು. ದಾರಿಯಲ್ಲಿ ಹೋಗುವವರು ಆ ಮನೆಯ ಛಾವಣಿ ನೋಡಿ ಟೋಪಿ ಎತ್ತುತ್ತಿದ್ದರು. ಗಾಳಿ ಜೋರಾದಾಗ ಅಜ್ಜಿಯ ಅಮ್ಮ, “ಇವತ್ತು ಅವನಿಗೆ ಚಳಿ” ಎನ್ನುತ್ತಿದ್ದಳಂತೆ.

ನಮ್ಮಲ್ಲಿ ಸತ್ತವರನ್ನು ಮೇಲೆ ಹೋದರು ಎನ್ನುತ್ತೇವೆ. ಅವರು ಅಷ್ಟು ಎತ್ತರಕ್ಕೆ ಕಳಿಸುತ್ತಿರಲಿಲ್ಲ.

“ಅಮ್ಮ ಅಳುತ್ತಿದ್ದರಾ?” ಎಂದು ಕೇಳಿದೆ.

“ಚಳಿಗಾಲದಲ್ಲಿ ಯಾರು ಅಳುತ್ತಾರೆ? ದನ ಇರುತ್ತಿತ್ತು, ಮಕ್ಕಳು ಇರುತ್ತಿದ್ದೆವು. ಇಳಿಸಿದ ದಿನ ಅಳುತ್ತಿದ್ದರು. ಅದಕ್ಕೆ ಅಂತಲೇ ಒಂದು ದಿನ.”

ಮುಂದಿನ ಭಾನುವಾರ ಮಳೆ ನಿಂತಿತ್ತು. ಮುದುಕರು ಬಂದರು. ಅಜ್ಜಿ ಫ್ರೆಂಚಿನಲ್ಲಿ ಏನೋ ಹೇಳಿ ಶೆಡ್ಡಿನ ಕಡೆ ಕೈ ತೋರಿಸಿದರು. ಬ್ರೆಡ್ ತಾತ ಟೋಪಿ ಎತ್ತಿದರು, ಉಳಿದವರೂ ಎತ್ತಿದರು. ಆಮೇಲೆ ಆಟ ನಡೆಯಿತು. ಒಂದು ಗುಂಡು ಶೆಡ್ಡಿಗೆ ತಾಗಿದಾಗ ಬ್ರೆಡ್ ತಾತ ಮೇಲೆ ನೋಡಿ, “ನೋಡು ಹುಡುಗಾ, ನಿನ್ನ ಹಾಗೇ ಆಡುತ್ತಿದ್ದೇನೆ” ಎಂದರು. ನನ್ನ ಮಗಳು ನಕ್ಕಳು.

ಆ ಚಳಿಗಾಲ ಹಾಗೇ ಕಳೆಯಿತು. ಮಗಳನ್ನು ಡೇಕೇರಿಗೆ ಬಿಡುತ್ತಿದ್ದೆ, ಫ್ರೀವೇ ಹಿಡಿದು ಮಿಲ್ಪಿಟಾಸಿಗೆ ಹೋಗುತ್ತಿದ್ದೆ, ಬರುತ್ತಾ ಗ್ರೋಸರಿ ತರುತ್ತಿದ್ದೆ. ಅವಳನ್ನು ಯಾರಾದರೂ ಅಪ್ಪ ಎಲ್ಲಿ ಎಂದು ಕೇಳಿದರೆ, “ಹೀ ಈಸ್ ಅಪ್” ಎನ್ನುತ್ತಿದ್ದಳು. ಕೇಳಿದವರು ಆಕಾಶ ನೋಡುತ್ತಿದ್ದರು. ಅವಳು ಶೆಡ್ಡು ನೆನೆಸಿಕೊಳ್ಳುತ್ತಿದ್ದಳು. ಗಂಡನ ಆಫೀಸಿನವರು ಅವರ ಮಗ್ಗು, ಕಂಪನಿಯ ಟೀ ಶರ್ಟು ತಂದುಕೊಟ್ಟರು. ನಮ್ಮ ಕಂಪನಿ ಇನ್ನೇನು ಷೇರು ಬಿಡುತ್ತದೆ, ಆಮೇಲೆ ಮನೆ ಕೊಳ್ಳೋಣ ಎಂದು ನನ್ನ ಗಂಡ ಹೇಳುತ್ತಲೇ ಇದ್ದರು. ವಸಂತಕ್ಕೆ ಮೊದಲೇ ಆ ಕಂಪನಿ ಬಾಗಿಲು ಹಾಕಿತು. ಒಂದು ದಿನ ಆ ದಾರಿಯಲ್ಲಿ ಹೋದಾಗ ಪಾರ್ಕಿಂಗ್ ಪೂರ್ತಿ ಖಾಲಿ ಇತ್ತು. ಅವರು ಯಾವ ಜಾಗದಲ್ಲಿ ಕಾರು ನಿಲ್ಲಿಸಿದ್ದರೆಂದು ಕೇಳಲು ಯಾರೂ ಉಳಿದಿರಲಿಲ್ಲ.

ಏಪ್ರಿಕಾಟ್ ಹೂ ಉದುರುವ ಹೊತ್ತಿಗೆ ಅನುಮತಿ ಬಂತು. ಹೊರಡುವ ದಿನ ಮುದುಕರು ಭಾನುವಾರವಲ್ಲದಿದ್ದರೂ ಬಂದರು. ಚೊಂಬನ್ನು ನಾನೇ ಇಳಿಸಬೇಕು, ಅದು ಮನೆಯವರ ಕೆಲಸ ಎಂದರು ಅಜ್ಜಿ. ಸ್ಟೂಲು ಹತ್ತಿ ಇಳಿಸಿದೆ. ಬಟ್ಟೆಯ ಮೇಲೆ ಧೂಳು ಕೂತಿತ್ತು. ಅಜ್ಜಿ ಅತ್ತರು, ಬ್ರೆಡ್ ತಾತ ಕಣ್ಣೊರೆಸಿಕೊಂಡರು. ಅದು ಅವರ ಲೆಕ್ಕದಲ್ಲಿ ಅಳುವ ದಿನ. ನಾನು ಚೊಂಬನ್ನು ಟವೆಲ್ಲಿನಲ್ಲಿ ಸುತ್ತಿ ಬ್ಯಾಗಿನಲ್ಲಿಟ್ಟೆ.

ಶ್ರೀರಂಗಪಟ್ಟಣದಲ್ಲಿ ನೀರು ಕಡಿಮೆ ಇತ್ತು. ಪುರೋಹಿತರು ಮಂತ್ರ ಹೇಳಿದಂತೆ ಮೈದುನ ಮಾಡಿದ. ಕೊನೆಗೆ ನಾನೂ ಇಳಿಯುತ್ತೇನೆಂದೆ. ಪುರೋಹಿತರು ಅತ್ತೆಯ ಮುಖ ನೋಡಿದರು, ಅತ್ತೆ “ಇಳೀಲಿ ಬುಡಿ” ಎಂದರು. ಮೊಣಕಾಲಿನವರೆಗೆ ನೀರು. ಚೊಂಬು ಬಗ್ಗಿಸಿದೆ. ಮಗಳು ದಡದಿಂದ “ಈಸ್ ಇಟ್ ಕೋಲ್ಡ್?” ಎಂದು ಕೂಗಿದಳು. ಇಲ್ಲ ಎಂದೆ. ಬೂದಿ ಸ್ವಲ್ಪ ಹೊತ್ತು ನನ್ನ ಕಾಲ ಬಳಿಯೇ ಸುತ್ತಿ, ಆಮೇಲೆ ಹೋಯಿತು. ಸೀರೆ ಹಿಂಡಿಕೊಂಡು ಮೇಲೆ ಬಂದೆ. ಎಲ್ಲರೂ ಅಳುತ್ತಿದ್ದರು. ಅತ್ತೆ ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, “ಅಳವ್ವ, ಅತ್ತುಬುಡು” ಎಂದರು. ನಾನು ಅವರಿಗೆ ನೀರು ಕುಡಿಸಿದೆ.

ವಾಪಸ್ಸು ಬಂದಾಗ ಹಣ್ಣಿನ ಕಾಲ. ಅಜ್ಜಿ ಒಂದು ಬುಟ್ಟಿ ಏಪ್ರಿಕಾಟ್ ತಂದಿಟ್ಟು, ನನ್ನ ಮುಖ ನೋಡಿ ಹೋದರು. ಶೆಡ್ಡಿನ ಹಲಗೆಯ ಮೇಲೆ ಕುಂಡಗಳನ್ನು ಅವರು ವಾಪಸ್ಸು ಇಟ್ಟಿರಲಿಲ್ಲ. ಭಾನುವಾರ ಬ್ರೆಡ್ ತಾತ ಬಂದವರೇ ಅಭ್ಯಾಸಬಲದಿಂದ ಟೋಪಿ ಎತ್ತಿದರು.

“ಈಗ ಅಲ್ಲಿ ಯಾರೂ ಇಲ್ಲ ತಾತ” ಎಂದೆ.

“ಗೊತ್ತು” ಎಂದರು. ಕೈಗೆ ಒಂದು ಗುಂಡು ಕೊಟ್ಟರು. ಎಸೆದೆ.

ಆಮೇಲೆ ನಾವು ಆ ಮನೆ ಬಿಟ್ಟೆವು. ಅಜ್ಜಿಯೂ ಹೋದರು, ಅವರ ಊರಿನವರು ಒಬ್ಬೊಬ್ಬರಾಗಿ ಹೋದರು. ಮಗಳು ದೊಡ್ಡವಳಾದಳು. ನನಗೆ ಅಳು ಇನ್ನೂ ಬಂದಿಲ್ಲ.