ಅಂಗಳದಲ್ಲಿ ನಿಂತೇ ವಿಮೆ ಮಾರುವ ಬೈರಯ್ಯ

ಚನ್ನರಾಯಪಟ್ಟಣದ ಬಸ್ ನಿಲ್ದಾಣದಲ್ಲಿ ಇನ್ನೂ ಮಬ್ಬುಗತ್ತಲು. ಜನ ನುಗ್ಗೇಹಳ್ಳಿ ಬಸ್ಸು ಹತ್ತುತ್ತಿದ್ದಾರೆ. ಬೈರಯ್ಯ ಮಾತ್ರ ಕಂಕುಳಲ್ಲಿ ಛತ್ರಿ, ಕೈಯಲ್ಲಿ ಬಟ್ಟೆಚೀಲ ಹಿಡಿದು ಹುಣಸೆ ಮರದ ಮಗ್ಗುಲಲ್ಲಿ ನಿಂತೇ ಇದ್ದಾರೆ. ಎಲ್ಲರೂ ಹತ್ತಿದ ಮೇಲೆ ಅವರು ಹತ್ತುವುದು. ಜೀವವಿಮೆ ಏಜೆಂಟನ ಮುಖ ಬೆಳಿಗ್ಗೆ ಎದುರಾದರೆ ಮನೆಯಲ್ಲಿ ಸಾವಾಗುತ್ತದೆಂದು ನಂಬಿದವರು ಈ ಕಡೆ ಬಹಳ ಮಂದಿ.

“ಯಾರ್ನ ಕಳಿಸಕ್ಕೆ ಒಂಟಿದ್ದೀಯ ಬೈರಯ್ಯ, ಇಷ್ಟೊತ್ಗೇ?” ಕಂಡಕ್ಟರ್ ಗಂಗಯ್ಯ ಕೆಣಕುತ್ತಾನೆ.

“ನಿನ್ನೇ ಕಣಪ್ಪ. ಮೊದ್ಲು ಸೈನ್ ಆಕು, ಆಮೇಲೆ ನಿಧಾನಕ್ಕೆ ಓಗೀವಂತೆ.”

ಬಸ್ಸೆಲ್ಲ ನಗುತ್ತದೆ. ಬೈರಯ್ಯ ನಗುವುದಿಲ್ಲ. ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತು ಮೊಣಕಾಲು ನೀವಿಕೊಳ್ಳುತ್ತಾರೆ.

ಕೊರವಂಗಲದ ಊರಾಚೆಯ ಕೇರಿಯಲ್ಲಿ ಹುಟ್ಟಿ, ಹಾಸನದ ಹಾಸ್ಟೆಲಿನಲ್ಲಿದ್ದು ಓದಿದವರು ಬೈರಯ್ಯ. ಐವತ್ತರ ಹತ್ತಿರದ ವಯಸ್ಸು. ವಿಮೆ ಸರ್ಕಾರದ ಕೈಗೆ ಬಂದ ಹೊಸದರಲ್ಲಿ ಏಜೆಂಟರಾದರು. ನೆಂಟರಿಷ್ಟರಿಂದಲೇ ಶುರು ಮಾಡಿ ಎಂದು ಆಗ ಆಫೀಸಿನವರು ಹೇಳಿಕೊಟ್ಟಿದ್ದರು. “ನಮ್ ನೆಂಟ್ರು ಕೂಲಿ ಜನ ಸಾ. ಇವತ್ತಿನ ಕೂಲಿ ಇವತ್ತಿನ ಮುದ್ದೆಗೇ ಸಾಲಲ್ಲ. ಅವರತ್ರ ಏನಂತ ಬಾಯಿ ಬುಡ್ಲಿ?” ಹಾಗಾಗಿ ಅವರು ಹೋದದ್ದು ತೆಂಗಿನ ತೋಟವಿದ್ದ ಗೌಡರ ಮನೆಗಳಿಗೆ. ಆ ಮನೆಗಳಲ್ಲಿ ಅವರಿಗೆ ಅಂಗಳವೇ ಕೊನೆ. ಜಗಲಿ ಹತ್ತುವಂತಿಲ್ಲ. ಬಾಯಾರಿದರೆ ಬೊಗಸೆ ಒಡ್ಡಬೇಕು, ಮಜ್ಜಿಗೆ ಮೇಲಿಂದ ಬೀಳುತ್ತದೆ.

ಸಾವೆಂಬ ಮಾತು ಅವರ ಬಾಯಲ್ಲಿ ಬರುವುದಿಲ್ಲ. ಮೊದಲ ಸಲ ಹೋದಾಗ ಕಾಯಿಯ ಧಾರಣೆ, ಮತ್ತೊಮ್ಮೆ ಹೋದಾಗ ಮಗಳ ಮದುವೆಯ ಯೋಚನೆ. ಆಮೇಲೆಂದೋ ಒಂದು ದಿನ, “ನೀವು ಊರಲ್ಲಿ ಇಲ್ದಿದ್ರೂ ಮನೆ ನಡೀಬೇಕಲ್ವರಾ ಗೌಡ್ರೆ” ಎನ್ನುತ್ತಾರೆ. ದಿನಕ್ಕೆ ಎಂಟು ಹತ್ತು ಮೈಲಿ ನಡಿಗೆ. ತಿಂಗಳಿಗೆ ಮೂರು ಪಾಲಿಸಿಯಾದರೆ ಅದೇ ಸುಗ್ಗಿ.

ತೊಂದರೆ ಬರುವುದು ಆಮೇಲೆ. “ಗಂಡಸರು ಸಂತೇಲಿ ಟೀ ಕುಡೀತಾ ಸೈನ್ ಆಕ್ಬುಡ್ತಾರೆ. ಮನೇಲಿ ಎಂಡ್ರಿಗೆ ಏಳಲ್ಲ. ಎರಡ್ನೇ ಕಂತಿಗೆ ಹೆಂಗಸ್ರು ‘ಇದ್ಯಾವ ದಂಡ’ ಅಂತಾರೆ, ಅಲ್ಲಿಗೆ ನಿಂತೋಯ್ತದೆ. ಆಯಮ್ಮಂಗೆ ತಿಳಿಸಿ ಏಳಣ ಅಂದ್ರೆ ಆಕೆ ಇರೋದು ಅಡುಗೆಮನೇಲಿ, ನಾನಿರೋದು ಅಂಗಳದಲ್ಲಿ.” ನಿಂತುಹೋದ ಪಾಲಿಸಿಗಳು ಹೆಚ್ಚಾಗಿವೆ. ಮಾರ್ಚಿನೊಳಗೆ ಇದು ಸರಿಹೋಗದಿದ್ದರೆ ಏಜೆನ್ಸಿ ಉಳಿಯುವುದಿಲ್ಲವೆಂದು ಹಾಸನದ ಅಧಿಕಾರಿ ಖಡಾಖಂಡಿತವಾಗಿ ಹೇಳಿದ್ದಾರೆ. ಬೈರಯ್ಯ ಕೈಕೆಳಗೆ ಹೊಸಬರನ್ನು ತಯಾರು ಮಾಡಲೂ ನೋಡಿದರು. ಅರಕಲಗೂಡಿನ ಹುಡುಗ ಬಾಗಿಲು ಬಡಿದು ಬಡಿದು ಬೇಸತ್ತು ಬಿಟ್ಟ. ಹೊಳೆನರಸೀಪುರದವನು ಮಾವಂದಿರಿಗೆಲ್ಲ ಪಾಲಿಸಿ ಮಾಡಿಸಿ, ಕಂತು ಕೇಳಿ ಕೇಳಿ ನಿಷ್ಠುರವಾಗಿ, ಈಗ ಅವರ ಮನೆ ಮದುವೆಗೂ ಹೋಗುವಂತಿಲ್ಲ.

ಉಳಿದಿರುವುದು ಲಕ್ಕಮ್ಮ ಒಬ್ಬರೇ. ನುಗ್ಗೇಹಳ್ಳಿಯ ಚನ್ನಪ್ಪ ಕಾಯಿ ಕೀಳಲು ತೆಂಗಿನ ಮರ ಹತ್ತಿ, ಬಿದ್ದು ತೀರಿಕೊಂಡು ಎರಡು ವರ್ಷ. ವಿಮೆ ಮಾಡಿಸಿದ್ದು ಹೆಂಡತಿ ಲಕ್ಕಮ್ಮನಿಗೆ ಗೊತ್ತೇ ಇರಲಿಲ್ಲ. ವಿಮೆಯ ಹಣ ಬರುತ್ತದೆಂದು ಹೇಳಲು ಬಂದ ಬೈರಯ್ಯನಿಗೆ ಆಕೆ ಪೊರಕೆ ತೋರಿಸಿದ್ದರು. ಮಿಡ್ಲ್ ಸ್ಕೂಲಿನವರೆಗೆ ಓದಿದ ಆ ಲಕ್ಕಮ್ಮನನ್ನೇ ಈಗ ಏಜೆಂಟರಾಗಿ ಎಂದು ಕೇಳಿಕೊಂಡಿದ್ದಾರೆ. ಉತ್ತರ ಇವತ್ತು ಸಿಗಬೇಕು.

ಲಕ್ಕಮ್ಮನ ಮನೆಯ ಅಂಗಳಕ್ಕೆ ಕಾಲಿಡುತ್ತಲೇ ಒಳಗಿನಿಂದ ಅತ್ತೆಯ ದನಿ: “ಆ ಬೈರ ಯಾಕ್ ಬಂದವ್ನೆ ಮತ್ತೆ? ಈ ಮನೇಲಿ ಇನ್ಯಾರು ಓಗ್ಬೇಕಂತೆ?”

“ಸುಮ್ನಿರತ್ತೆ. ಅವರು ದುಡ್ಡು ತಂದ್ಕೊಟ್ಟಿದ್ರಿಂದ್ಲೇ ತ್ವಾಟ ಉಳಿದಿರೋದು.” ಲಕ್ಕಮ್ಮ ಜಗಲಿಗೆ ಬರುತ್ತಾರೆ. “ತಾಳಿ ಕಳ್ಕಂಡೋಳು ಮನೆಮನೆ ತಿರುಗ್ತಾಳೆ ಅಂತಾರೆ ಬೈರಯ್ಯ. ನಿಮ್ ಮುಖ ಕಂಡ್ರೂ ಆಗಲ್ಲ, ನನ್ ಮುಖ ಕಂಡ್ರೂ ಆಗಲ್ಲ. ಇಬ್ರೂ ಸೇರಿದ್ರೆ ಊರೇ ಬಾಗ್ಲಾಕ್ಕಂಡೀತು.”

“ಮುಂಬಾಗ್ಲು ಆಕ್ಕಳ್ಳಿ ಬುಡಿ. ನೀವು ಇತ್ಲು ಬಾಗ್ಲಿಂದ ಓಗ್ಬೋದಲ್ಲ ಲಕ್ಕಮ್ಮೋರೆ.”

“ಓಗಿ ಏನಂತ ಏಳ್ಲಿ?”

“ನಾನೇಳೋದ್ನ ಏಳ್ಬೇಡಿ. ನಿಮ್ಗಾದ್ದನ್ನ ಏಳಿ.”

ಲಕ್ಕಮ್ಮ ತೋಟದ ಕಡೆ ನೋಡುತ್ತಾರೆ. “ನಮ್ಮನೆಯೋರು ನನ್ಗೂ ಏಳಿರ್ನಿಲ್ಲ. ಏಳಿದ್ರೆ ಜಗಳ ಆಡಿ ನಿಲ್ಲಿಸ್ಬುಡ್ತಿದ್ದೆ ಕಣ್ರೀ. ನಿಲ್ಲಿಸಿದ್ರೆ ನಾನೂ ಮಗ್ಳೂ ಇವತ್ತು ಎಲ್ಲಿರ್ತಿದ್ವೋ.” ಸೆರಗಿನಲ್ಲಿ ಮುಖ ಒರೆಸಿಕೊಂಡು, “ಅದನ್ನೇ ಏಳ್ತೀನಿ. ಬನ್ನಿ, ಮೇಲ್ ಬಂದು ಕೂತ್ಕಂಡು ಕಲಿಸಿ. ಅಂಗಳದಿಂದ ಕಿರಚಿದ್ರೆ ನಾನೇನ್ ಕಲೀಲಿ?”

ಒಳಗೆ ಪಾತ್ರೆಯೊಂದು ದಡಾರನೆ ಬೀಳುತ್ತದೆ. ಬೈರಯ್ಯ ಜಗಲಿಯನ್ನೊಮ್ಮೆ ನೋಡಿ, ಛತ್ರಿ ಊರಿ, ಕೆಳಗಿನ ಮೆಟ್ಟಿಲ ಮೇಲೆ ಕೂರುತ್ತಾರೆ. ಲಕ್ಕಮ್ಮನೇ ಒಂದೆರಡು ಮೆಟ್ಟಿಲು ಇಳಿದು ಬಂದು ಕೂರುತ್ತಾರೆ. ಪಾಠ ಶುರುವಾಗುತ್ತದೆ.

ಕರೆದರೂ ಮೇಲೆ ಯಾಕೆ ಹೋಗಲಿಲ್ಲವೆಂದು ಹಿಂದಿರುಗುವ ದಾರಿಯಲ್ಲಿ ನಾನು ಕೇಳಿದರೆ ಬೈರಯ್ಯ ಮೊಣಕಾಲು ನೀವಿಕೊಳ್ಳುತ್ತಾರೆ.

“ನಾನು ಜಗಲಿ ಅತ್ತಿದ್ರೆ ಅತ್ತೆ ಸೊಸೆಗೆ ಜಗಳ ಆಗಿ ಆಯಮ್ಮ ಒರಗೇ ಬರಕ್ಕಾಯ್ತಿರ್ನಿಲ್ಲ. ನಾನ್ ಒಳೀಕೆ ಓಗ್ದಿದ್ರೂ ಚಿಂತಿಲ್ಲ ಸಾ, ಮಾತು ಒಳೀಕೆ ಓಗ್ಲಿ. ಕಾಲಿಗೂ ಒಸಿ ರೆಸ್ಟ್ ಆಯ್ತದೆ.”